‘ಫುಲ್ ಸ್ಪೆಕ್ಟ್ರಮ್’ ದೀಪಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೆಯೊಳಗೆ ಹಕ್ಕಿ ಸಾಕುವವರಿಗೆ ಅಂತ ಶಿವಮೊಗ್ಗದಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಕಾಳು, ನೀರು, ಗೂಡು, ಕಾಯಿಲೆ ಇವೆಲ್ಲ ಸಲೀಸಾಗಿ ಕನ್ನಡದಲ್ಲಿ ಬಂದವು. ದೀಪದ ಪುಟಕ್ಕೆ ಬಂದಾಗ ಕೈ ನಿಂತಿತು. ‘ಫುಲ್ ಸ್ಪೆಕ್ಟ್ರಮ್ ಲೈಟ್’ ಅಂದರೆ ಬಿಸಿಲಿನಲ್ಲಿರುವ ಎಲ್ಲ ಬಗೆಯ ಬೆಳಕೂ ಇದೆ ಅಂತ ಹೇಳಿ ಮಾರುವ ದೀಪ. ಅದನ್ನು ಏನಂತ ಬರೆಯೋದು? ಹಾಗೇ ಬಿಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ ಅನ್ನುವ ವಾದ ನಮ್ಮಲ್ಲೇ ಇದೆ. ನನಗೆ ಅದು ಒಪ್ಪಿಗೆ ಇಲ್ಲ, ಯಾಕೆ ಅಂತ ಹೇಳುತ್ತೇನೆ.

ಮಲೆನಾಡಿನಲ್ಲಿ ಇದು ಸುಮ್ನೆ ಪದದ ಹುಡುಕಾಟ ಅಲ್ಲ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವ ತನಕ ಬಿಸಿಲು ಅಪರೂಪ. ಆಗುಂಬೆ, ಹೊಸನಗರದ ಕಡೆ ಕೇಳೋದೇ ಬೇಡ. ಜಗಲಿಯಲ್ಲಿದ್ದ ಪಂಜರ ಇರಚಲಿಗೆ ಹೆದರಿ ಒಳಗೆ ಬರುತ್ತದೆ. ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಇದ್ದರೆ ಸಾಕಷ್ಟು ಬೆಳಕಿದೆ ಅಂತಲೇ ನಂಬುತ್ತೇವೆ. ಬೆಳಕೇನೋ ಬರುತ್ತದೆ. ಆದರೆ ಹಕ್ಕಿಯ ಮೈಗೆ ಬೇಕಾದ ಯುವಿ-ಬಿ ಕಿರಣವನ್ನು (ನಮ್ಮ ಕಣ್ಣಿಗೆ ಕಾಣದ ಅಲ್ಟ್ರಾವಯೊಲೆಟ್ ಬೆಳಕಿನ ಒಂದು ಬಗೆ) ಗಾಜು ಹೆಚ್ಚುಕಮ್ಮಿ ಪೂರ್ತಿ ತಡೆದುಬಿಡುತ್ತದೆ. ಆ ಕಿರಣ ಚರ್ಮಕ್ಕೆ ಬಿದ್ದರೆ ಅಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತೋದಿಲ್ಲ. ಬರೀ ನವಣೆ ತಿನ್ನುವ ಹಕ್ಕಿಗೆ ಆಹಾರದಿಂದಲೂ ಡಿ3 ಸಿಗೋದಿಲ್ಲ. ಪಂಜರದಲ್ಲಿ ಕ್ಯಾಲ್ಸಿಯಂಗೆ ಅಂತ ಕಟಲ್ ಬೋನ್ (ಕಟಲ್ ಫಿಶ್ಶಿನ ಒಳಚಿಪ್ಪು) ನೇತುಹಾಕಿದ್ದರೂ ಮೊಟ್ಟೆಯ ಚಿಪ್ಪು ಮೆತ್ತಗಾಗುವುದಕ್ಕೆ, ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಹಕ್ಕಿಗೆ ಬೆಳಕಿನಿಂದ ಆಗಬೇಕಾದದ್ದು ಇನ್ನೊಂದಿದೆ, ನೋಟ. ನಮ್ಮ ಕಣ್ಣಿಗೆ ಕಾಣುವುದು ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್ ತನಕ ಇರುವ ಬೆಳಕು. ಬಣ್ಣ ಹಿಡಿಯುವ ಕೋಶಗಳು ನಮಗೆ ಮೂರು ಬಗೆ, ಹಕ್ಕಿಗಳಿಗೆ ನಾಲ್ಕು. ಬಜರಿಗಾರ್‌ನಂಥ ಪುಟ್ಟ ಗಿಣಿಜಾತಿಯ ಹಕ್ಕಿಗೆ 400ಕ್ಕಿಂತ ಕೆಳಗಿನ ಯುವಿ-ಎ ಕೂಡ ಒಂದು ಬಣ್ಣವೇ. ಮಾಮೂಲಿ ಎಲ್‌ಇಡಿ ಬಲ್ಬಿನಲ್ಲಿ ಅದು ಇಲ್ಲ. ನಮಗೆ ಕೋಣೆ ಬೆಳ್ಳಗೆ ಕಂಡರೂ ಹಕ್ಕಿಗೆ ಅಲ್ಲಿ ಒಂದು ಬಣ್ಣ ಕಮ್ಮಿ.

ಈಗ ಪದಕ್ಕೆ ಬರುತ್ತೇನೆ. ಶಾಲೆಯ ವಿಜ್ಞಾನದಲ್ಲಿ ಸ್ಪೆಕ್ಟ್ರಮ್‌ಗೆ ‘ರೋಹಿತ’ ಅಂತ ಓದಿದ್ದೇವೆ, ‘ವರ್ಣಪಟಲ’ವೂ ಬಳಕೆಯಲ್ಲಿದೆ. ರೋಹಿತ ನನಗೆ ಇಷ್ಟದ ಪದ. ಕಾಮನಬಿಲ್ಲು ಬಾಗದೆ ನೇರವಾಗಿದ್ದರೆ ಅದು ರೋಹಿತ ಅಂತ ಅಮರಕೋಶದಲ್ಲಿದೆ. ಸ್ಪೆಕ್ಟ್ರಮ್ಮಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಆದರೆ ‘ಪೂರ್ಣ ರೋಹಿತ ದೀಪ’ ಅಂದರೆ ಗಾಂಧಿ ಬಜಾರಿನ ಅಂಗಡಿಯಲ್ಲಿ ಯಾರಿಗೂ ಅರ್ಥ ಆಗಲಾರದು. ಅದಕ್ಕಿಂತ ದೊಡ್ಡ ತೊಡಕು ‘ಪೂರ್ಣ’ದ್ದು. ಇಂಗ್ಲಿಷಿನಲ್ಲೇ ಆ ಮಾತಿಗೆ ಕಟ್ಟುನಿಟ್ಟಾದ ಅರ್ಥ ಇಲ್ಲ. ಯುವಿ-ಬಿ ಒಂದಿಷ್ಟೂ ಇಲ್ಲದ ಬಲ್ಬಿನ ಡಬ್ಬಿಯ ಮೇಲೂ ಫುಲ್ ಸ್ಪೆಕ್ಟ್ರಮ್ ಅಂತ ಅಚ್ಚು ಹಾಕಿರುತ್ತಾರೆ. ಸಿಆರ್‌ಐ 95 ಅಂತ ಬರೆದಿದ್ದರೆ ಅದು ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವ ಅಂಕ, ಅದೂ ಮನುಷ್ಯರ ಕಣ್ಣಿನ ಲೆಕ್ಕ. ಅದನ್ನೇ ‘ಪೂರ್ಣ’ ಅಂತ ಕನ್ನಡಕ್ಕೆ ತಂದರೆ ಆ ಮಾತಿಗೆ ನಾವೂ ರುಜು ಹಾಕಿದ ಹಾಗಾಗುತ್ತದೆ, ಅಲ್ವಾ?

‘ಹಗಲುಬೆಳಕಿನ ದೀಪ’ ಕೇಳಲು ಸೊಗಸಾಗಿದೆ. ಆದರೆ ಅಂಗಡಿಯವರು ‘ಡೇಲೈಟ್’ ಅಂದರೆ 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟ್ ತೆಗೆದುಕೊಡುತ್ತಾರೆ. ಆ ಅಂಕಿ ಬೆಳಕಿನ ಬಣ್ಣವನ್ನಷ್ಟೇ ಹೇಳುತ್ತದೆ, ಯುವಿ ಇದೆಯೋ ಇಲ್ಲವೋ ಅಂತ ಹೇಳೋದಿಲ್ಲ. ‘ಬಿಸಿಲುದೀಪ’ ಅಂತ ಗೆಳೆಯರೊಬ್ಬರು ಸೂಚಿಸಿದರು. ಬಾಯಿಗೆ ಚೆನ್ನಾಗಿ ಕೂರುತ್ತದೆ. ಮಳೆ ಹೊಳವಾದಾಗ ನಾವೇ ‘ಬಿಸಿಲು ಕಾಯಿಸೋಣ’ ಅನ್ನುತ್ತೇವಲ್ಲ. ಅಡ್ಡಿ ಒಂದೇ, ಅದರಲ್ಲಿ ಬಿಸಿ ಇದೆ. ಕೋಳಿಮರಿಗೆ ಶಾಖ ಕೊಡಲು ಹಾಕುವ ಬಲ್ಬನ್ನೇ ಜನ ಇದಕ್ಕೂ ತಂದು ಹಾಕಿಬಿಡಬಹುದು.

ಯುವಿಯ ಹೆಸರು ನನಗೆ ಇನ್ನೂ ಜಾಸ್ತಿ ಕಾಟ ಕೊಡುತ್ತಿದೆ. ‘ಅತಿನೇರಳೆ’ ಅಂತ ಓದಿದವರು ಕಡು ನೇರಳೆ ಬಣ್ಣ ಅಂದುಕೊಳ್ಳುತ್ತಾರೆ. ಗಿಡ ಬೆಳೆಸಲು ಮಾರುವ ನೇರಳೆ-ಗುಲಾಬಿ ಬೆಳಕಿನ ಎಲ್‌ಇಡಿ ಡಬ್ಬಿಯ ಮೇಲೂ ಫುಲ್ ಸ್ಪೆಕ್ಟ್ರಮ್ ಅಂತ ಇರುತ್ತದೆ. ಎರಡೂ ಸೇರಿದರೆ, ‘ಇದೇ ಆ ಅತಿನೇರಳೆ’ ಅಂತ ಅದನ್ನು ಪಂಜರದ ಮೇಲೆ ಹಾಕಲು ಎಷ್ಟು ಹೊತ್ತು? ಅದು ಕೆಂಪು, ನೀಲಿ ಸೇರಿ ಬರುವ ಬಣ್ಣ, ಗಿಡಕ್ಕಾಗಿ ಇರುವುದು. ‘ನೇರಳಾತೀತ’ ಸ್ವಲ್ಪ ವಾಸಿ, ಆದರೆ ಬಿಗಿ. ನಾನು ಸದ್ಯಕ್ಕೆ ‘ನೇರಳೆಯಾಚೆಯ ಬೆಳಕು’ ಅಂತ ಬರೆದಿದ್ದೇನೆ. ಆಚೆ ಅಂದಮೇಲೆ ನಮಗೆ ಕಾಣೋದಿಲ್ಲ ಅನ್ನುವುದು ತಾನಾಗಿ ಬರುತ್ತದೆ.

ಕೈಪಿಡಿಯ ಕರಡಿನ ಈ ಸಾಲುಗಳನ್ನು ಒಮ್ಮೆ ಜೋರಾಗಿ ಓದಿ ನೋಡಿ: “ನೇರಳೆಯಾಚೆಯ ಬೆಳಕಿನ ದೀಪ ಕೊಳ್ಳುವಾಗ ಡಬ್ಬಿಯ ಮೇಲೆ ಯುವಿ-ಎ, ಯುವಿ-ಬಿ ಎರಡೂ ಬರೆದಿದೆಯೇ ನೋಡಿ. ದೀಪ ಪಂಜರದ ಮೇಲ್ಗಡೆ ಇರಲಿ. ಪಕ್ಕದಲ್ಲಿಟ್ಟರೆ ಕಿರಣ ನೇರ ಕಣ್ಣಿಗೆ ಹೊಡೆಯುತ್ತದೆ. ನಡುವೆ ಗಾಜಾಗಲಿ ಪ್ಲಾಸ್ಟಿಕ್ ಹಾಳೆಯಾಗಲಿ ಬೇಡ. ಹಕ್ಕಿ ಸರಿದು ಕೂರಲು ಪಂಜರದ ಒಂದು ಕಡೆ ನೆರಳಿರಲಿ. ಹಲ್ಲಿ, ಆಮೆಯಂಥ ಪ್ರಾಣಿಗಳಿಗೆ ಮಾರುವ ಪ್ರಖರ ದೀಪ ತರಬೇಡಿ. ದೀಪ ಉರಿಯುತ್ತಿದ್ದರೂ ಅದರ ಯುವಿ ಮೊದಲೇ ಕುಗ್ಗಿರುತ್ತದೆ, ಡಬ್ಬಿಯಲ್ಲಿ ಹೇಳಿದ ಅವಧಿಗೆ ಬದಲಾಯಿಸಿ.” ಕಿವಿಗೆ ಎಲ್ಲಾದರೂ ತಡೆಯುತ್ತದೆಯೇ? ಹೆಸರು ಉದ್ದವಾಯಿತು ಅಂತ ನನಗೇ ಅನ್ನಿಸುತ್ತಿದೆ.

ಇದರ ಜೊತೆಗೆ ‘ಫ್ಲಿಕರ್’ಗೂ ಪದ ಬೇಕು. ಹಳೇ ಚೋಕಿನ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ನಮಗೆ ತಿಳಿಯದ ಈ ಏರಿಳಿತ ಎಷ್ಟೋ ಹಕ್ಕಿಗಳ ಕಣ್ಣಿಗೆ ಕಾಣಬಹುದು. ಅದಕ್ಕೇ ಎಲೆಕ್ಟ್ರಾನಿಕ್ ಚೋಕ್ ಒಳ್ಳೆಯದು. ‘ಮಿನುಗು’ ನಕ್ಷತ್ರಕ್ಕೆ ಸರಿ, ಇಲ್ಲಿ ಅಲ್ಲ. ‘ಅದುರುವ ಬೆಳಕು’ ಅಂತ ಬರೆದಿದ್ದೇನೆ.

ಇನ್ನೊಂದು, ದೀಪದ ವಿಷಯ ಅಲ್ಲ. ನಮ್ಮ ಊರಲ್ಲಿ ಬಜರಿಗಾರ್‌ಗೆ ಎಲ್ಲರೂ ‘ಲವ್ ಬರ್ಡ್ಸ್’ ಅಂತಲೇ ಹೇಳುತ್ತಾರೆ. ಬಜರಿಗಾರ್ ಆಸ್ಟ್ರೇಲಿಯಾದ್ದು, ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಬರೀ ‘ಗಿಣಿ’ ಅಂತ ಬರೆಯಲೂ ಮನಸ್ಸಿಲ್ಲ. ನಮ್ಮ ಕಾಡಿನ ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಆ ಗೊಂದಲ ಬೇಡ.

ತೀರ್ಥಹಳ್ಳಿ, ಸಾಗರ, ಶೃಂಗೇರಿ ಕಡೆ ಹಕ್ಕಿ ಸಾಕುವವರು, ಬಲ್ಬು ಮಾರುವವರು ಈ ದೀಪಕ್ಕೆ ಆಡುಮಾತಿನಲ್ಲಿ ಏನಾದರೂ ಹೆಸರಿಟ್ಟುಕೊಂಡಿದ್ದಾರೆಯೇ? ಇದ್ದರೆ ನನ್ನ ಪದ ಬಿಟ್ಟು ಅದನ್ನೇ ಹಾಕುತ್ತೇನೆ, ಅದು ಯುವಿ ಇದೆ ಅಂತ ಸುಳ್ಳು ಭರವಸೆ ಕೊಡದಿದ್ದರೆ ಸಾಕು. ಮಳೆಗಾಲಕ್ಕೆ ಮುಂಚೆ ಅಚ್ಚಿಗೆ ಕೊಡಬೇಕು, ದಯವಿಟ್ಟು ಬೇಗ ತಿಳಿಸಿ.