ಗೂಡ್ಸ್ ದುಡಿಯುತ್ತದೆ, ಪ್ಯಾಸೆಂಜರ್ ತಿನ್ನುತ್ತದೆ ಅಂತಾರಲ್ಲ, ನಿಜನಾ?

ಕಾಫಿಗಿಡ (ಚಿಕ್ಕಮಗಳೂರು)

ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಈಗ ಇದೇ ಜಗಳ. ಕೇಂದ್ರ ಬಜೆಟ್‌ನಲ್ಲಿ 2024-25ಕ್ಕೆ ರೈಲ್ವೆಗೆ 2.52 ಲಕ್ಷ ಕೋಟಿ ಕೊಟ್ಟರು, ಮರುವರ್ಷವೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಅಕೌಂಟ್ಸ್‌ನವರ ವಾದ ಏನಂದರೆ, ರೈಲ್ವೆಗೆ ದುಡಿದು ಹಾಕುವುದು ಗೂಡ್ಸ್ ಗಾಡಿ, ಪ್ಯಾಸೆಂಜರ್ ಗಾಡಿ ಬರೀ ನಷ್ಟ, ಹಾಗಾಗಿ ಹೊಸ ಚಿಕ್ಕಮಗಳೂರು–ಬೇಲೂರು–ಹಾಸನ ಲೈನಿಗೆ ದುಡ್ಡು ಸುರಿಯುವುದು ದಂಡ. ದೇವಸ್ಥಾನ ನೋಡಲು ಬರುವವರು ಕಾರಿನಲ್ಲೇ ಬರುತ್ತಾರಂತೆ. ನನಗೆ ಸಿಟ್ಟು ಬಂತು, ಆದರೆ ಎದುರು ಹೇಳಲು ಕೈಯಲ್ಲಿ ಲೆಕ್ಕ ಇರಲಿಲ್ಲ. ಅವರು ಹೇಳುವುದು ಸರಿನಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಅರಸೀಕೆರೆ ಜಂಕ್ಷನ್

ಅರ್ಧ ಸರಿ. ರೈಲ್ವೆಯ ಸಂಚಾರ ಆದಾಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಗೂಡ್ಸ್‌ನದು. ಅದರಲ್ಲೂ ಸಾಗುವ ಸರಕಿನಲ್ಲಿ ಅರ್ಧದಷ್ಟು ಬರೀ ಕಲ್ಲಿದ್ದಲು. ಪ್ರಯಾಣಿಕರ ಟಿಕೆಟ್‌ನಿಂದ ಖರ್ಚು ಹುಟ್ಟುವುದಿಲ್ಲ. ಪ್ರಯಾಣದ ವೆಚ್ಚದಲ್ಲಿ ಸರಾಸರಿ 57 ಪರ್ಸೆಂಟ್ ಮಾತ್ರ ವಸೂಲಾಗುತ್ತದೆ ಅಂತ ಟಿಕೆಟ್ ಮೇಲೇ ಅಚ್ಚು ಹಾಕಿದ್ದರಲ್ಲ, ನೆನಪಿರಬೇಕು. ಉಳಿದದ್ದನ್ನು ಗೂಡ್ಸ್ ಲಾಭದಿಂದ ತುಂಬುತ್ತಾರೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ವರದಿಗಳು ಇದನ್ನು ಮತ್ತೆ ಮತ್ತೆ ಹೇಳಿವೆ.

ಆದರೆ ನಿಮ್ಮ ಅಕೌಂಟ್ಸ್‌ನವರು ಬಿಟ್ಟ ಇನ್ನರ್ಧ ಇದೆ. ಪ್ಯಾಸೆಂಜರ್ ದರ ಏರಿಸಿದರೆ ಓಟು ಹೋಗುತ್ತದೆ ಅಂತ ಹೆದರಿ ಎಷ್ಟೋ ವರ್ಷ ಗೂಡ್ಸ್ ದರವನ್ನೇ ಏರಿಸುತ್ತಾ ಬಂದರು. ಸರಕಿನವರು ಸುಮ್ನೆ ಕೂರುತ್ತಾರಾ? ಲಾರಿ ಹಿಡಿದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೇಶದ ಸರಕಿನಲ್ಲಿ 80 ಪರ್ಸೆಂಟ್‌ಗಿಂತ ಜಾಸ್ತಿ ರೈಲಿನಲ್ಲೇ ಹೋಗುತ್ತಿತ್ತು. ಈಗ ಮೂರರಲ್ಲಿ ಒಂದು ಪಾಲೂ ಇಲ್ಲ. ಪ್ರಯಾಣಿಕ ತಿಂದ ಅನ್ನುವುದು ಸುಲಭ, ದರ ಹಾಕಿದ್ದು ಪ್ರಯಾಣಿಕ ಅಲ್ಲವಲ್ಲ.

ಮೊದಲೆಲ್ಲ ರೈಲ್ವೆ ಬಜೆಟ್ ಬೇರೆಯೇ ಇತ್ತು, 2017ರಿಂದ ಸಾಮಾನ್ಯ ಬಜೆಟ್‌ನಲ್ಲಿ ಸೇರಿಸಿಬಿಟ್ಟರು. ಆಗಾದರೂ ಯಾವ ಊರಿಗೆ ಏನು ಅಂತ ಒಂದು ದಿನ ಚರ್ಚೆ ಆಗುತ್ತಿತ್ತು. ಈಗ ದೊಡ್ಡ ಮೊತ್ತ ಒಂದೇ ಕಿವಿಗೆ ಬೀಳುತ್ತದೆ.

ಸಕಲೇಶಪುರ ಲೋಕಲ್

ಗೂಡ್ಸ್ ದುಡಿಯುತ್ತದೆ ಅನ್ನುವವರು ಒಮ್ಮೆ ನಮ್ಮ ಘಾಟಿಗೆ ಬರಲಿ ಮಾರಾಯ್ರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ 55 ಕಿಲೋಮೀಟರ್, 57 ಸುರಂಗ, ಒಂದೇ ಹಳಿ. ಐವತ್ತು ಮೀಟರ್‌ಗೆ ಒಂದು ಮೀಟರ್ ಏರು. ಗೂಡ್ಸ್ ಹತ್ತಬೇಕಾದರೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಬೇಕು. ಓಡುವುದೇ ಗಂಟೆಗೆ 30 ಕಿಲೋಮೀಟರ್ ಆಸುಪಾಸಿನಲ್ಲಿ, ಒಂದು ಗಾಡಿ ಏರುತ್ತಿದ್ದರೆ ಎದುರಿನದು ಕಾಯುತ್ತಾ ನಿಲ್ಲಬೇಕು.

ಹಾಸನ–ಮಂಗಳೂರು ನಡುವಿನ ಈ ಲೈನಿನ ಕಥೆಯಲ್ಲೇ ಉತ್ತರ ಇದೆ. 1979ರಲ್ಲಿ ಮೀಟರ್ ಗೇಜ್ ಆಯಿತು. ಬ್ರಾಡ್ ಗೇಜ್ ಮಾಡುತ್ತೇವೆ ಅಂತ ವರ್ಷಗಟ್ಟಲೆ ಮುಚ್ಚಿದರು. ಮಾಡಲು ರಾಜ್ಯ ಸರ್ಕಾರವೂ ಸೇರಿ ಬೇರೆ ಕಂಪನಿಯನ್ನೇ ಕಟ್ಟಿದರು. 2006ರಲ್ಲಿ ಗೂಡ್ಸ್ ಬಿಟ್ಟರು, ಜನ ಹತ್ತುವ ಗಾಡಿ ಬಂದಿದ್ದು 2007ರ ಡಿಸೆಂಬರ್‌ನಲ್ಲಿ. ಆಗ ಎಲ್ಲರ ಕಣ್ಣು ಬಂದರಿಗೆ ಹೋಗುವ ಕಬ್ಬಿಣದ ಅದಿರಿನ ಮೇಲೆ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ನೆಚ್ಚಿಕೊಂಡಿದ್ದ ಸರಕೇ ಕೈಕೊಟ್ಟಿತು! ಜನ ಮಾತ್ರ ಇವತ್ತಿಗೂ ಟಿಕೆಟ್ ಸಿಗದೆ ವೇಟಿಂಗ್ ಲಿಸ್ಟ್‌ನಲ್ಲಿ ಇದ್ದಾರೆ.

ಮಳೆಗಾಲ ಬಂದರೆ ಇನ್ನೊಂದು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿಯಿತು, 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಜರಿಯಿತು. ವಿದ್ಯುದೀಕರಣದ ಕೆಲಸಕ್ಕೆ 2025ರ ಜೂನ್‌ನಿಂದ ತಿಂಗಳುಗಟ್ಟಲೆ ಹಗಲಿನ ಪ್ರಯಾಣಿಕ ರೈಲುಗಳನ್ನೇ ನಿಲ್ಲಿಸಿದ್ದರು. ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ, ಗುಡ್ಡ ಜರಿಯದಂತೆ ಕಟ್ಟಲು, ಚರಂಡಿಗೆ. ಸ್ಟೇಷನ್ ಮುಂದೆ ಕಮಾನು, ಲೈಟು ಆಮೇಲೆ ನೋಡೋಣ.

ಕಾಫಿಗಿಡ (ಚಿಕ್ಕಮಗಳೂರು)

ಥ್ಯಾಂಕ್ಸ್. ಹಾಗಾದರೆ ನಮ್ಮ ಕಾಫಿ ಯಾಕೆ ರೈಲಿನಲ್ಲಿ ಹೋಗಲ್ಲ? 2013ರಿಂದ ಊರಿಗೆ ಹಳಿ ಇದೆಯಲ್ಲ.

ಕ್ಯೂರಿಂಗ್ ವರ್ಕ್ಸ್‌ನವ

ಹೋಗಲ್ಲ, ಹತ್ತಿರದಲ್ಲಿ ಹೋಗುವ ಹಾಗೂ ಕಾಣಲ್ಲ. ಕಂಟೇನರ್ ರೈಲು ಅಂದರೆ 45 ವ್ಯಾಗನ್, 90 ಚಿಕ್ಕ ಕಂಟೇನರ್. ಒಂದೊಂದರಲ್ಲಿ 20 ಟನ್ ಹತ್ತಿರ ಕಾಫಿ ಹಿಡಿಯುತ್ತದೆ. ಅಷ್ಟೂ ಒಂದೇ ದಿನ, ಒಂದೇ ಬಂದರಿಗೆ ರೆಡಿ ಆಗಬೇಕು. ನಮ್ಮಲ್ಲಿ ಯಾರಿಗೆ ಅಷ್ಟು ಮಾಲು ಒಟ್ಟಿಗೆ ಬರುತ್ತದೆ? ಒಬ್ಬ ಎಕ್ಸ್‌ಪೋರ್ಟರ್‌ಗೆ ಇವತ್ತು ಎರಡು ಕಂಟೇನರ್, ಮುಂದಿನ ವಾರ ಒಂದು. ಲಾರಿ ಗೋಡೌನ್ ಬಾಗಿಲಿಗೇ ಬರುತ್ತದೆ. ರೈಲಿಗೆ ಹಾಕಿದರೂ ಇಲ್ಲಿಂದ ಸ್ಟೇಷನ್‌ಗೆ ಲಾರಿ ಬೇಕು, ಹಮಾಲಿ ಎರಡು ಸಲ.

ಇನ್ನೊಂದು ಮಾತು. ಪೆಟ್ರೋಲು, ಡೀಸೆಲ್ ಮಂಗಳೂರಿಂದ ಹಾಸನದ ಮೇಲೆ ಬೆಂಗಳೂರಿಗೆ ಪೈಪ್‌ಲೈನ್‌ನಲ್ಲೇ ಹೋಗುತ್ತದೆ. ಒಳ್ಳೆಯ ಗಿರಾಕಿ ಹಾಗೇ ರೈಲಿನ ಕೈ ತಪ್ಪಿತು. ಗೂಡ್ಸ್ ದುಡಿಯುತ್ತದೆ ಅನ್ನುವುದು ಕಲ್ಲಿದ್ದಲು ಇರುವ ಕಡೆಯ ಮಾತು. ಕಾಫಿ, ಶುಂಠಿ, ಆಲೂಗಡ್ಡೆ ಬೆಳೆಯುವ ಜಿಲ್ಲೆಗೆ ಅದನ್ನೇ ಅಳತೆಗೋಲು ಮಾಡಿದರೆ ನಮಗೆ ಯಾವ ಕಾಲಕ್ಕೂ ರೈಲು ಬರಲ್ಲ.

ಬಸ್ಸೇ ಸಾಕು

ಯಾರಿಗೂ ಇಷ್ಟ ಆಗಲ್ಲ, ಆದರೂ ಹೇಳುತ್ತೇನೆ. ಚಿಕ್ಕಮಗಳೂರಿಂದ ಹಾಸನಕ್ಕೆ ಬಸ್ ಬೇಕಾದಷ್ಟು ಇದೆ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ದಿನಕ್ಕೆ ಎರಡು ಸಲ ಬರುವ ರೈಲಿಗೆ ದುಡ್ಡು ಕೊಟ್ಟು ಯಾರು ಕಾಯುತ್ತಾರೆ? ಅದೇ ದುಡ್ಡಿನಲ್ಲಿ ಶಿರಾಡಿ ರಸ್ತೆ ಸರಿ ಮಾಡಲಿ.

ನಿವೃತ್ತ ಮೇಷ್ಟ್ರು, ಹಾಸನ

ಬಸ್ಸಿನವರೇ, ಶಿರಾಡಿ ರಸ್ತೆಗೆ ಹಾಕಿದ ದುಡ್ಡು ಲಾಭ ತಂತಾ ಅಂತ ಯಾರಾದರೂ ಕೇಳಿದ್ದಾರಾ? ಬಸ್ಸಿಗೆ ಸರ್ಕಾರ ದುಡ್ಡು ಕೊಟ್ಟರೆ ಅದು ಶಕ್ತಿ, ರೈಲಿಗೆ ಕೊಟ್ಟರೆ ನಷ್ಟವೋ? ಕೋವಿಡ್ ಆದ ಮೇಲೆ ಪ್ಯಾಸೆಂಜರ್ ಗಾಡಿಗೆ ಎಕ್ಸ್‌ಪ್ರೆಸ್ ದರ ಹಾಕಿ, 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ಟನ್ನು 30 ಮಾಡಿದರು, ಇಳಿಸಿದ್ದು 2024ರಲ್ಲಿ. ನನ್ನಂಥ ಹಿರಿಯರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಹೋಗಿದ್ದು ಬರಲೇ ಇಲ್ಲ. ಉಳಿಸುವ ಪ್ರಯೋಗ ಎಲ್ಲ ನಮ್ಮ ಮೇಲೇ ಆಯಿತು.

ನಮ್ಮ ಜಿಲ್ಲೆಗಳ ರೈಲು ಬರೀ ದೆಹಲಿ ದುಡ್ಡಿನಲ್ಲೂ ಆಗುತ್ತಿಲ್ಲ. ಇಂಥ ಹೊಸ ಲೈನುಗಳಿಗೆ ರಾಜ್ಯವೂ ಪಾಲು ಹಾಕುತ್ತಿದೆ. ದೇವೇಗೌಡರು ಪ್ರಧಾನಿಯಾಗಿದ್ದ ಹೊತ್ತಿಗೆ ಮಂಜೂರಾದ ಹಾಸನ–ಬೆಂಗಳೂರು ನೇರ ಲೈನು ಶ್ರವಣಬೆಳಗೊಳ, ಕುಣಿಗಲ್ ದಾಟಿ ಪೂರ್ತಿ ಆಗಿದ್ದು 2017ರಲ್ಲಿ. ಇಪ್ಪತ್ತು ವರ್ಷ. ಅದಕ್ಕೆ ಮುಂಚೆ ಬೆಂಗಳೂರಿಗೆ ಹೋಗಲು ಅರಸೀಕೆರೆ ಸುತ್ತಬೇಕಿತ್ತು. ಆಗಲೂ ಇದೇ ಪ್ರಶ್ನೆ ಇತ್ತು, ಯಾರು ಹತ್ತುತ್ತಾರೆ ಅಂತ. ಇವತ್ತು ಬೆಳಗಿನ ಗಾಡಿಯಲ್ಲಿ ಕಾಲಿಡಲು ಜಾಗ ಇದ್ದರೆ ನನಗೂ ಒಂದು ಫೋಟೋ ಕಳಿಸಿ.

ಅರಸೀಕೆರೆ ಜಂಕ್ಷನ್

ಮೇಷ್ಟ್ರೇ, ಸರಿಯಾಗಿ ಹೇಳಿದಿರಿ. ನನ್ನದೊಂದು ಸೇರಿಸುತ್ತೇನೆ. ಬೇಲೂರು ಲೈನನ್ನು ಪ್ಯಾಸೆಂಜರ್ ಲೈನು ಅಂತ ನೋಡುವುದೇ ತಪ್ಪು. ಈಗ ಕಡೂರಿಂದ ಬರುವ ಹಳಿ ಚಿಕ್ಕಮಗಳೂರಲ್ಲಿ ನಿಂತುಹೋಗುತ್ತದೆ, ಹಾಗಾಗಿ ಗಾಡಿಯೂ ಕಮ್ಮಿ. ಹಾಸನಕ್ಕೆ ಕೂಡಿಸಿದರೆ ಕಡೂರಿಂದ ಹಾಸನಕ್ಕೆ ಎರಡನೇ ದಾರಿ ಆಗುತ್ತದೆ. ಹುಬ್ಬಳ್ಳಿ ಕಡೆಯಿಂದ ಮಂಗಳೂರು ಬಂದರಿಗೆ ಹೋಗುವ ಗೂಡ್ಸ್ ಎಲ್ಲ ನಮ್ಮ ಅರಸೀಕೆರೆಗೇ ಬಂದು ಬೀಳಬೇಕಾಗಿಲ್ಲ, ಕೆಲವನ್ನು ಅತ್ತ ತಿರುಗಿಸಬಹುದು. ಒಂದೇ ಹಳಿ, ಬೆಳಿಗ್ಗೆ ಜನ, ರಾತ್ರಿ ಸರಕು.

ಅದಕ್ಕೆ ಒಂದು ಷರತ್ತು ಇದೆ. ಗೂಡ್ಸ್ ಗಾಡಿ ಪೂರ್ತಿ ಒಳಗೆ ನಿಲ್ಲಬೇಕಾದರೆ ಸ್ಟೇಷನ್ನಿನ ಲೂಪ್ ಲೈನ್, ಅಂದರೆ ಗಾಡಿ ಪಕ್ಕಕ್ಕೆ ನಿಲ್ಲುವ ಹಳಿ, ಸುಮಾರು 700 ಮೀಟರ್ ಆದರೂ ಇರಬೇಕು. ಪ್ಯಾಸೆಂಜರ್‌ಗೆ ಸಾಕು ಅಂತ ಚಿಕ್ಕದು ಹಾಕಿ ದುಡ್ಡು ಉಳಿಸಿದರೆ, ಮುಂದೆ ನಿಮ್ಮ ಅಕೌಂಟ್ಸ್‌ನವರು ಹೇಳಿದ್ದೇ ನಿಜವಾಗುತ್ತದೆ. ಘಾಟಿ ಬೇರೆ ಇದ್ದೇ ಇದೆ. ಅಲ್ಲಿ ಸರಿ ಮಾಡದೆ ಮೇಲಿಂದ ಎಷ್ಟು ಗಾಡಿ ಕಳಿಸಿದರೂ ಸಕಲೇಶಪುರದಲ್ಲಿ ಸಾಲು ನಿಲ್ಲುತ್ತವೆ.

ಸಕಲೇಶಪುರ ಲೋಕಲ್

ಅದನ್ನೇ ನಾನು ಮೇಲೆ ಬಡ್ಕೊಂಡಿದ್ದು.

ಕಾಫಿಗಿಡ (ಚಿಕ್ಕಮಗಳೂರು)

ಸರಿ, ಬೇಲೂರು ಸ್ಟೇಷನ್ ನಕ್ಷೆಯಲ್ಲಿ ಲೂಪ್ ಎಷ್ಟು ಉದ್ದ ಅಂತ ಆರ್‌ಟಿಐ ಹಾಕಿ ಕೇಳುತ್ತೇನೆ. ಅರ್ಜಿ ಬರೆದ ಮೇಲೆ ಇಲ್ಲೇ ಹಾಕುತ್ತೇನೆ, ಜಂಕ್ಷನ್ ಅಣ್ಣ ಒಮ್ಮೆ ನೋಡಿ ತಿದ್ದಿಕೊಡಿ.