ಮಂಗಳ ಗ್ರಹದವರು ವೋಕಿಂಗ್‌ನಲ್ಲೇ ಯಾಕೆ ಇಳಿದರು?

ಪ್ರಶ್ನೆ (ಹಾಸನದ ಓದುಗ):
ಎಚ್. ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’, ಮಂಗಳ ಗ್ರಹದವರು ಭೂಮಿಯ ಮೇಲೆ ದಾಳಿ ಮಾಡುವ ಕಾದಂಬರಿ, ನಿನ್ನೆ ರಾತ್ರಿ ಓದಿ ಮುಗಿಸಿದೆ. ಮಂಗಳ ಗ್ರಹದವರು ಲಂಡನ್ ಬಿಟ್ಟು ಇಂಗ್ಲೆಂಡಿನ ವೋಕಿಂಗ್ ಅನ್ನೋ ಸಣ್ಣ ಊರಿನ ಹತ್ತಿರ ಯಾಕೆ ಇಳಿಯುತ್ತಾರೆ? ಈ ಕತೆ ಹೊಳೆದದ್ದಾದರೂ ಹೇಗೆ? ಗೊತ್ತಿದ್ದವರು ಹೇಳಿ.

ಉತ್ತರ (ವೋಕಿಂಗ್ ಕನ್ನಡತಿ):
ಆರು ವರ್ಷದಿಂದ ನಾನು ಇದೇ ಊರಲ್ಲಿದ್ದೇನೆ ಸರ್, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ವೆಲ್ಸ್ 1895ರಲ್ಲಿ ಇಲ್ಲಿಗೆ ಬಂದರು. ಮನೆ ರೈಲು ಹಳಿಯ ಪಕ್ಕದಲ್ಲೇ. ಸೈಕಲ್ ತುಳಿಯುತ್ತಾ ಸುತ್ತಮುತ್ತ ತಿರುಗಿ, ಕತೆಯಲ್ಲಿ ಯಾವ ಜಾಗ ನಾಶವಾಗಬೇಕು ಅಂತ ಗುರುತು ಹಾಕಿಕೊಳ್ಳುತ್ತಿದ್ದರು. ಮಂಗಳದವರು ಕೂತು ಬರುವ ಮೊದಲ ಸಿಲಿಂಡರ್ ಬೀಳುವ ಹಾರ್ಸೆಲ್ ಕಾಮನ್ ಅನ್ನೋ ಬಯಲಿನ ಮರಳುಗುಂಡಿ ಈಗಲೂ ಇದೆ. ಜೋರು ಮಳೆ ಬಂದರೆ ನಡುವೆ ನೀರು ನಿಲ್ಲುತ್ತದೆ, ಸುತ್ತ ಪೈನ್ ಮರಗಳು. ನನ್ನ ಮಗ ಅಲ್ಲಿ ಆಡಿ ಬಂದರೆ ಶೂ ತುಂಬಾ ಮರಳು. ಇಲ್ಲಿನ ಮಸೀದಿ 1889ರದು. ರೈಲಿನಿಂದ ದಿನಾ ನೋಡುತ್ತೇನೆ. ಕಾದಂಬರಿಯಲ್ಲಿ ಅದರ ತುದಿಯೇ ಮಾಯ! ಆ ಸಾಲು ಓದಿದ ದಿನ ಎದೆ ಝಲ್ಲೆಂದಿತ್ತು.

ಆದರೆ ಕತೆಯ ಬೀಜ ಬಿದ್ದದ್ದು ಅಣ್ಣ ಫ್ರ್ಯಾಂಕ್ ಜೊತೆ ಆಡಿದ ಮಾತಿನಲ್ಲಿ. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳ ನೆಲಕ್ಕೆ ಬ್ರಿಟಿಷರು ನುಗ್ಗಿ ಅವರನ್ನು ಕೊಂದ ವಿಷಯ ಬಂತು. ಆಕಾಶದಿಂದ ಯಾರಾದರೂ ಇಳಿದು ನಮಗೂ ಹಾಗೇ ಮಾಡಿದರೆ ಅನ್ನೋ ಯೋಚನೆ ಫ್ರ್ಯಾಂಕ್ ಅವರದು. ಪುಸ್ತಕದ ಅರ್ಪಣೆಯೂ ಅವರಿಗೇ. ಅದಕ್ಕೇ ದೂರದ ಊರಲ್ಲ, ತಮ್ಮದೇ ಬೀದಿ ಸುಡಬೇಕಿತ್ತು ಅಲ್ವಾ? ಯಂತ್ರಗಳ ಯುದ್ಧ ಅಂತ ಮಾತ್ರ ಇದನ್ನು ಓದುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಉತ್ತರ (ರೇಡಿಯೋ ಪ್ರಿಯ):
ಇದೇ ಕತೆಯ 1938ರ ಅಕ್ಟೋಬರ್ 30ರ ರೇಡಿಯೋ ನಾಟಕ ಮರೆಯಬಾರದು. ಅಮೆರಿಕದ ನಟ ಆರ್ಸನ್ ವೆಲ್ಸ್ (ಲೇಖಕ ವೆಲ್ಸ್ ಬೇರೆ, ಇವರು ಬೇರೆ) ಕತೆಯನ್ನು ಅಮೆರಿಕದ ನ್ಯೂಜೆರ್ಸಿಗೆ ಎಳೆತಂದು ವಾರ್ತೆಯ ಥರ ಓದಿಸಿದರು. ಕೆಲವರು ನಿಜ ಅಂತ ಹೆದರಿದರು. ಪತ್ರಿಕೆಗಳು ಅದನ್ನು ಜಾಸ್ತಿ ಉಬ್ಬಿಸಿದವು. 1949ರಲ್ಲಿ ಈಕ್ವೆಡಾರ್‌ನ ಕೀಟೋದಲ್ಲಿ ಇದೇ ಕತೆಯನ್ನು ರೇಡಿಯೋದಲ್ಲಿ ಹಾಕಿದಾಗ ಆದದ್ದು ಮಾತ್ರ ಭೀಕರ. ಸಿಟ್ಟಿಗೆದ್ದ ಜನ ರೇಡಿಯೋ ಕಟ್ಟಡಕ್ಕೇ ಬೆಂಕಿ ಹಚ್ಚಿದರು. ಜೀವಗಳೂ ಹೋದವು.

ಉತ್ತರ (ಭೌತಶಾಸ್ತ್ರದ ಮೇಷ್ಟ್ರು):
ಅಮೆರಿಕದ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಈ ಕಾದಂಬರಿ ಓದಿದ್ದು ಹದಿನಾರನೇ ವಯಸ್ಸಿನಲ್ಲಿ. 1926ರಲ್ಲಿ ದ್ರವ ಇಂಧನದ ಮೊದಲ ರಾಕೆಟ್ ಹಾರಿಸಿದವರು ಅವರೇ. ಮುಂದೆ ಎಚ್. ಜಿ. ವೆಲ್ಸ್‌ಗೆ ಪತ್ರವನ್ನೂ ಬರೆದರು.

ಹಾಸನದ ಓದುಗ:
ಮೇಡಂ, ಮೊದಲ ಅಧ್ಯಾಯ ಮತ್ತೆ ತೆಗೆದೆ. ಟಾಸ್ಮೇನಿಯಾ ಅಲ್ಲೇ ಇದೆ. ಸುಮ್ನೆ ದಾಟಿಹೋಗಿದ್ದೆ. ಆ ಗುಂಡಿಯ ಒಂದು ಫೋಟೋ ಹಾಕುತ್ತೀರಾ?

ವೋಕಿಂಗ್ ಕನ್ನಡತಿ:
ಖಂಡಿತ. ಭಾನುವಾರ ಮಳೆ ಇಲ್ಲದಿದ್ದರೆ ಹೋಗುತ್ತೇವೆ.