‘ಸೀಮೆ’ ಗಿಡಕ್ಕೆ ಎದುರು ಪದ ಯಾವುದು?

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮ ಬಡಾವಣೆಯ ಪಕ್ಕ, ಕೆರೆ ಏರಿಯ ಕೆಳಗೆ ಒಂದಿಷ್ಟು ಖಾಲಿ ಜಾಗ ಇದೆ. ಹತ್ತಾರು ಮನೆಯವರು ಸೇರಿ ಅಲ್ಲಿ ಲಂಟಾನ ಕಿತ್ತು ಹೊಂಗೆ, ಹೊಳೆಮತ್ತಿ, ನೇರಳೆ, ಅತ್ತಿ, ಲಕ್ಕಿ ಹಾಕಿದ್ದೇವೆ. ಈಗ ಒಂದು ಬೋರ್ಡ್ ಬರೆಸಬೇಕು. ಈ ನೆಲದಲ್ಲೇ ಹಿಂದಿನಿಂದ ಹುಟ್ಟಿ ಬೆಳೆದು ಬಂದ ಗಿಡಗಳಿಗೆ ಕನ್ನಡದಲ್ಲಿ ಒಂದೇ ಮಾತಿನಲ್ಲಿ ಏನನ್ನಬೇಕು?

ಮೊದಲು ‘ಸ್ಥಳೀಯ ಸಸ್ಯಗಳು’ ಅಂತ ಬರೆದುಕೊಟ್ಟಿದ್ದೆ. ಅದನ್ನು ಓದಿದ ಪಕ್ಕದ ಮನೆಯವರು, ‘ಹಾಗಾದ್ರೆ ಗುಲ್‌ಮೊಹರ್ ಹಾಕಬಹುದಲ್ವಾ ಸರ್, ಇಲ್ಲೇ ನರ್ಸರಿಯಲ್ಲಿ ಸಿಗುತ್ತೆ’ ಅಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಸ್ಥಳೀಯ ಅಂದರೆ ನಮ್ಮ ಕಿವಿಗೆ ‘ಹತ್ತಿರದ್ದು’ ಅಂತಲೇ ಕೇಳುವುದು. ಸ್ಥಳೀಯ ಸುದ್ದಿ, ಸ್ಥಳೀಯ ಶಾಸಕರು ಇದ್ದ ಹಾಗೆ. ಗುಲ್‌ಮೊಹರ್‌ನ ತವರು ಮಡಗಾಸ್ಕರ್ ಅನ್ನುವುದು ಆ ಪದಕ್ಕೆ ತಾಗುವುದೇ ಇಲ್ಲ. ‘ದೇಶಿ’ ಇನ್ನೂ ಅಗಲವಾಯಿತು. ಸಕಲೇಶಪುರದ ಮಳೆಕಾಡಿನ ಮರವೂ ದೇಶಿ, ರಾಜಸ್ಥಾನದ ಮರಳಿನದೂ ದೇಶಿ. ‘ನಾಟಿ’ ನಮ್ಮ ಕಡೆ ದಿನಾ ಬಾಯಲ್ಲಿರುವ ಮಾತು: ನಾಟಿ ಕೋಳಿ, ನಾಟಿ ಹಸು. ಆದರೆ ಗಿಡದ ಪಕ್ಕ ಅದನ್ನು ಇಟ್ಟ ಕೂಡಲೇ ಭತ್ತದ ನಾಟಿ ಅಡ್ಡ ಬರುತ್ತದೆ. ‘ನಾಟಿ ಗಿಡ’ ಅಂದರೆ ನೆಡಲು ತಯಾರಾದ ಸಸಿ ಅಂದುಕೊಳ್ಳುವವರೇ ಹೆಚ್ಚು. ಬಡಗಣ ಜಿಲ್ಲೆಗಳ ‘ಜವಾರಿ’ ನನಗೆ ಇಷ್ಟ, ಆದರೆ ಹಾಸನದಲ್ಲಿ ಅದು ಬಳಕೆಯ ಮಾತಲ್ಲ.

ಹೊರಗಿನ ಗಿಡಕ್ಕಾದರೆ ಹಿರಿಯರ ಹತ್ತಿರ ಖಚಿತವಾದ ಪದವಿತ್ತು: ಸೀಮೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುವಿನ ಸಾಲಿನಲ್ಲೇ ಸೀಮೆಹುಣಸೆ, ಸೀಮೆಬದನೆ ಬರುತ್ತವೆ. ಈ ಎರಡೂ ಮೆಕ್ಸಿಕೊ, ಮಧ್ಯ ಅಮೆರಿಕ ಕಡೆಯವು. ಕಳೆದ ವಾರ ನಮ್ಮ ಬೀದಿಯ ಅಜ್ಜಿಯೊಬ್ಬರು ರಸ್ತೆ ಬದಿಯ ಹಳದಿ ಹೂವಿನ ಮರ ತೋರಿಸಿ, ‘ಇದು ಸೀಮೆ ತಂಗಡಿ ಕಣಪ್ಪ. ನಮ್ಮ ತಂಗಡಿ ಇಷ್ಟೆತ್ತರ ಎಲ್ಲಿ ಹೋಗುತ್ತೆ? ಅದು ಗಿಡ, ಹೊಲದ ಬದೀಲಿ ತಾನಾಗೇ ಹುಟ್ಟೋದು’ ಅಂದರು. ಅವರ ತವರು ಅರಸೀಕೆರೆ ಕಡೆ. ಆಗ್ನೇಯ ಏಷ್ಯಾದ ಮರವನ್ನೂ ಬಯಲುಸೀಮೆಯ ಗಿಡವನ್ನೂ ಒಂದೇ ಉಸಿರಿನಲ್ಲಿ ಬೇರೆ ಮಾಡಿಬಿಟ್ಟರು.

ಅಜ್ಜಿಯ ಊರು ಇರುವ ‘ಬಯಲುಸೀಮೆ’ಯಲ್ಲೂ ಅದೇ ಸೀಮೆ ಇದೆ ನೋಡಿ. ಗಡಿ ಅನ್ನುವ ಅರ್ಥದ ಸಂಸ್ಕೃತ ಸೀಮಾ ಕನ್ನಡಕ್ಕೆ ಬಂದು, ಪದದ ಕೊನೆಯಲ್ಲಿ ನಿಂತಾಗ ನಮ್ಮ ನೆಲವಾಯಿತು, ಪದದ ಮೊದಲಲ್ಲಿ ನಿಂತಾಗ ಗಡಿಯಾಚೆಯದಾಯಿತು. ಈ ಜಾಗಬದಲಿಯ ಬಗ್ಗೆ ಬಲ್ಲವರು ಬರೆದರೆ ಓದಲು ಆಸೆ.

ಇದಕ್ಕೆ ಎದುರಾಗಿ ನನಗೆ ಹೊಳೆದದ್ದು ‘ನಾಡ’. ಮಲೆನಾಡಿನ ಹಳೇ ಮನೆಗಳ ನಾಡಹೆಂಚು, ಮಂಗಳೂರು ಹೆಂಚು ಬರುವ ಮುಂಚಿನದು. ಊರ ಕುಂಬಾರರು ಊರ ಮಣ್ಣಿನಲ್ಲೇ ಮಾಡುತ್ತಿದ್ದದ್ದು. ಅದೇ ದಾರಿಯಲ್ಲಿ ‘ನಾಡಗಿಡ’ ಆಗಬಹುದೇ? ನನ್ನ ಅಳುಕು ಎರಡು. ಪತ್ರಿಕೆಗಳಲ್ಲಿ ನಾಡಬಂದೂಕು, ನಾಡಬಾಂಬ್ ಓದಿ ಓದಿ ಆ ಪದಕ್ಕೆ ಒರಟುತನ ಅಂಟಿದೆ. ಜೊತೆಗೆ ನಾಡು ಅಂದರೆ ಕಾಡಿಗೆ ಎದುರು ಅನ್ನುವ ಅರ್ಥ ಬಲವಾಗಿದೆ; ಮತ್ತಿ, ಹೊನ್ನೆಯಂಥ ಕಾಡುಮರಕ್ಕೆ ನಾಡಗಿಡ ಅನ್ನುವುದು ಹೇಗೆ? ‘ನೆಲಗಿಡ’ವೂ ಆಗದು. ನೆಲನೆಲ್ಲಿ, ನೆಲಬೇವುಗಳಲ್ಲಿ ನೆಲ ಅಂದರೆ ಗಿಡ್ಡ.

ಈ ಪದಕ್ಕಾಗಿ ಇಷ್ಟು ಒದ್ದಾಡುವುದಕ್ಕೆ ಕಾರಣವಿದೆ. ಜಾಗದ ಮೂಲೆಯಲ್ಲಿ ಒಂದು ಎಕ್ಕದ ಗಿಡ ಇತ್ತು. ಎಲೆಯ ಅಡಿಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುಗಳು ಕಚ್ಚಿದ ಜಾಗದಿಂದ ಹಾಲು ಒಸರುತ್ತಿತ್ತು. ಅವು ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳು. ತಾಯಿಚಿಟ್ಟೆ ಮೊಟ್ಟೆ ಇಡುವುದೇ ಎಕ್ಕ ಮತ್ತು ಅದರ ಬಳಗದ ಗಿಡಗಳ ಮೇಲೆ. ಮಾರನೆಯ ದಿನ ಸ್ವಚ್ಛತೆಗೆ ಬಂದವರು ಬುಡಸಮೇತ ಕಿತ್ತು ಹಾಕಿದ್ದರು. ಕೇಳಿದರೆ, ‘ಕಳೆ ತೆಗೀರಿ ಅಂದಿದ್ರು ಸಾರ್’ ಅಂದರು. ರಥಸಪ್ತಮಿಗೆ ತಲೆಯ ಮೇಲೆ ಏಳೆಲೆ ಇಟ್ಟುಕೊಂಡು ಸ್ನಾನ ಮಾಡುವ ಎಕ್ಕ ಅದು! ಹೊರಗಿನಿಂದ ಬಂದ ಕಾಂಗ್ರೆಸ್ ಗಿಡಕ್ಕೂ ಇಲ್ಲಿಯ ಎಕ್ಕಕ್ಕೂ ‘ಕಳೆ’ ಒಂದೇ ಪದವಾದಾಗ, ಕುಡುಗೋಲಿಗೂ ಎರಡೂ ಒಂದೇ.

ಇನ್ನೊಂದು ಯೋಚನೆಯೂ ಇದೆ. ಹೊಳೆಮತ್ತಿ, ಹೊಳೆದಾಸವಾಳ, ಬೆಟ್ಟದ ನೆಲ್ಲಿ: ಇವು ಎಲ್ಲಿ ಬೆಳೆಯುತ್ತವೆ ಅನ್ನುವುದು ಹೆಸರಿನಲ್ಲೇ ಇದೆ. ನಮ್ಮ ಜಿಲ್ಲೆಯಲ್ಲಂತೂ ಇದು ಮುಖ್ಯ. ಸಕಲೇಶಪುರದ ಮಳೆಗೆ ಒಗ್ಗಿದ್ದು ಅರಸೀಕೆರೆಯಲ್ಲಿ ಒಣಗಿಹೋಗುತ್ತದೆ. ಹಾಗಾಗಿ ಬೋರ್ಡಿನಲ್ಲಿ ‘ಕೆರೆಯಂಚಿನ ಗಿಡಮರಗಳು’ ಅಂತ ಬರೆಸಿದರೆ ಸಾಕೇ ಅಂತಲೂ ಅನ್ನಿಸುತ್ತಿದೆ. ‘ಆವಾಸಸ್ಥಾನ ಪುನಶ್ಚೇತನ’ ಅಂತ ಬರೆಸುವುದಿಲ್ಲ, ಅಷ್ಟು ಮಾತ್ರ ತೀರ್ಮಾನವಾಗಿದೆ.

ನಿಮ್ಮ ಊರಿನಲ್ಲಿ ಸೀಮೆ ಗಿಡಕ್ಕೆ ಎದುರಾಗಿ ಹಿರಿಯರು ಏನನ್ನುತ್ತಿದ್ದರು? ಗಿಡದ ಹೆಸರಿನ ಮೊದಲಲ್ಲಿ ‘ನಾಡ’ ಸೇರಿಸಿ ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಯಾವ ಗಿಡ, ಯಾವ ಊರು ಅಂತ ತಿಳಿಸಿ. ಪೇಂಟರ್ ಮುಂದಿನ ಸೋಮವಾರ ಬರುತ್ತಾರೆ.